ಮೂರನೆಯ ಫಾರಂ

ಡ್ರಾಯರಿನೊಳಗೆ ಐದು ತಿಂಗಳಿಂದ ಹಾಯಾಗಿ ಮಲಗಿದ್ದ ಒಂದು ಹಾಳೆಯೇ ಆ ದಿನದ ಅಷ್ಟೂ ಫಜೀತಿಗೆ ಕಾರಣ.

ಮಕ್ಕಳ ಡಾಕ್ಟರ ಖಾಸಗಿ ಕ್ಲಿನಿಕ್ಕಿನಿಂದ ಬಂದ ಲಕೋಟೆಯಲ್ಲಿ ಮೂರು ಫಾರಂ ಇದ್ದವು. ಒಂದನ್ನು ಹೆತ್ತವರು ತುಂಬಬೇಕು, ಇನ್ನೊಂದನ್ನು ಶಾಲೆಯ ಟೀಚರು. ಮೂರನೆಯದು, ಬರೆಯುವಾಗ ತಪ್ಪಾದರೆ ಇರಲಿ ಎಂದು ಕೊಟ್ಟ ಹೆಚ್ಚುವರಿ ಪ್ರತಿ ಎಂದು ಕನ್ನಡಕದಣ್ಣ ತಾನೇ ತೀರ್ಮಾನಿಸಿ ಒಳಗಿಟ್ಟು ಮರೆತಿದ್ದ. ವಠಾರದವರೆಲ್ಲ ಅವನನ್ನು ಕರೆಯುತ್ತಿದ್ದುದೇ ಹಾಗೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಅಂಚು ಸವರುವುದರಲ್ಲಿ ಅವನದು ಎತ್ತಿದ ಕೈ. ಮಿಕ್ಕ ವ್ಯವಹಾರಗಳಲ್ಲಿ ಆ ಕೈ ಅಷ್ಟಾಗಿ ಏಳುತ್ತಿರಲಿಲ್ಲ.

ಬೆಳಿಗ್ಗೆ ಹತ್ತು ಗಂಟೆಗೆ ಕ್ಲಿನಿಕ್ಕಿನ ಹುಡುಗಿ ಫೋನ್ ಮಾಡಿದಳು.

"ಸಾರ್, ಇವತ್ತು ನಾಲ್ಕು ಗಂಟೆಗೆ ನಿಮ್ಮ ಮಗಳ ಪರೀಕ್ಷೆ ಇದೆ. ಮೂರೂ ಫಾರಂ ತರ್ತೀರಲ್ವಾ?"

"ಮೂರೂ?"

"ಮೂರನೇದು ಮನೆಯವರಲ್ಲದೆ ಬೇರೆ ಯಾರಾದ್ರೂ ತುಂಬಬೇಕು ಸಾರ್. ಮಗೂನ ಒಂದು ವರ್ಷದಿಂದ ನೋಡಿರೋರು. ತುಂಬಿ, ಲಕೋಟೆ ಅಂಟಿಸಿ ಕೊಡ್ಲಿ. ನೀವು ಓದೋ ಹಾಗಿಲ್ಲ. ಇಲ್ದಿದ್ರೆ ಮತ್ತೆ ಐದು ತಿಂಗಳು ಕಾಯ್ಬೇಕಾಗತ್ತೆ."

ಕನ್ನಡಕದಣ್ಣ ಉಜ್ಜುತ್ತಿದ್ದ ಗಾಜನ್ನು ಕೆಳಗಿಟ್ಟ. ಐದು ತಿಂಗಳು ಎಲ್ಲಿಂದ ತರುವುದು? ಮಗಳು ಪುಟ್ಟಿಗೆ ಎಂಟು ವರ್ಷ. ಉಪ್ಪು ತಾ ಎಂದು ಕಳಿಸಿದರೆ ಹಕ್ಕಿಯ ಗರಿ ಹಿಡಿದು ಬರುವಳು. ಒಂದೇ ಕಾಲಿನ ಎರಡು ಶೂ ಚೀಲಕ್ಕೆ ತುಂಬಿಕೊಂಡು ಹೋಗುವಳು. ಕಲಿಯುವುದರಲ್ಲಿ ಚುರುಕಾಗಿದ್ದರೂ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಹಿಂಬದಿ ತಿರುಗಿಸಿ ನೋಡುತ್ತಿರಲಿಲ್ಲ. ಈ ತಿಂಗಳೊಳಗೆ ಡಾಕ್ಟರ ಪತ್ರ ಬರದಿದ್ದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಎಂದು ಹೆಡ್‌ಮಿಸ್ಸು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಎಲ್ಲಕ್ಕಿಂತ ಅವನನ್ನು ಕೊರೆಯುತ್ತಿದ್ದುದು ಹೋದ ವಾರ ಪುಟ್ಟಿ ಕೇಳಿದ ಮಾತು. "ಅಪ್ಪಾ, ನಾನು ಕೆಟ್ಟವಳಾಗಿದ್ದು ಯಾವಾಗಿಂದ?"

ಅವನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿಗೆ ಫೋನ್ ಮಾಡಿದ.

"ಏನಾದ್ರೂ ಮಾಡಿ. ಆದ್ರೆ ವಠಾರದಲ್ಲಿ ಯಾರಿಗೂ ಗೊತ್ತಾಗ್ಬಾರ್ದು," ಎಂದಳು ಹೆಂಡತಿ. "ನಾಳೆ ಮಗೂಗೆ ಒಂದು ಹೆಸರಿಟ್ಟು ಬಿಡ್ತಾರೆ. ಅದ್ರಲ್ಲೂ ಆ ರೇಡಿಯೋ ಕಿವಿಗೆ ಬಿತ್ತೋ, ಮುಗೀತು ಕತೆ."

ರೇಡಿಯೋ ಎಂದರೆ ಎದುರುಮನೆ ಆಂಟಿ. ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂಬುದನ್ನೂ ಬಿಡದೆ ಮೂರು ಅಂತಸ್ತಿಗೂ ಬಿತ್ತರಿಸುವವರು.

ಅರ್ಧ ದಿನ ರಜೆಗೆ ಅಂಗಡಿಯಲ್ಲಿ ಹಲ್ಲುನೋವೆಂದು ಹೇಳಿ ಕನ್ನಡಕದಣ್ಣ ಮನೆಗೆ ಓಡಿಬಂದ. ತುಂಬಿಕೊಡಲು ಇರುವವರು ಒಬ್ಬರೇ, ಕೆಳಗಿನ ಮನೆಯ ಮೇಷ್ಟ್ರು. ರಿಟೈರಾಗಿ ಹದಿಮೂರು ವರ್ಷವಾದರೂ ಸಂಜೆ ಪುಟ್ಟಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಗದರುವುದೂ ಅವರೇ, ಅವಳು ಒಂದು ದಿನ ಬರದಿದ್ದರೆ ಮೆಟ್ಟಿಲ ಬಳಿ ನಿಂತು ಕೂಗುವುದೂ ಅವರೇ.

ಆದರೆ ಫಾರಂ ತೆಗೆದು ನೋಡಿದರೆ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಕ್ಲಿನಿಕ್ಕಿನ ಹೆಸರು, ಅದರ ಕೆಳಗೆ ಪುಟ್ಟಿಯ ಹೆಸರು! ಇದನ್ನು ಹಿಡಿದು ಮೆಟ್ಟಿಲಿಳಿದರೆ ರೇಡಿಯೋ ಕಣ್ಣಿಗೆ ಬೀಳದೆ ಇರುತ್ತದೆಯೇ? ಕನ್ನಡಕದಣ್ಣ ಕತ್ತರಿ ತೆಗೆದ. ಗಾಜಿನ ಅಂಚು ಸವರುವಷ್ಟೇ ಶ್ರದ್ಧೆಯಿಂದ ಮೇಲಿನ ಎರಡಂಗುಲದ ಪಟ್ಟಿಯನ್ನು ನೀಟಾಗಿ ಕತ್ತರಿಸಿ ಜೇಬಿಗಿಟ್ಟುಕೊಂಡ. ಈಗ ಅದು ಯಾರ ಬಗ್ಗೆ ಎಂದು ಯಾರಪ್ಪನಿಗೂ ತಿಳಿಯುವಂತಿರಲಿಲ್ಲ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. "ಏನಯ್ಯಾ ಇಷ್ಟೊತ್ತಲ್ಲಿ? ಇರು, ನನ್ನ ಕನ್ನಡಕ ಎಲ್ಲೋ..."

"ಹಣೆ ಮೇಲಿದೆ ಮೇಷ್ಟ್ರೇ. ಒಂದು ಸಣ್ಣ ಉಪಕಾರ ಆಗ್ಬೇಕಿತ್ತು. ನಮ್ಮ ಪು..."

ಅಷ್ಟರಲ್ಲಿ ಮೇಲಿನಿಂದ ಚಪ್ಪಲಿಯ ಸದ್ದು. ಬಿಂದಿಗೆ ಹಿಡಿದು ರೇಡಿಯೋ ಆಂಟಿ ಇಳಿದುಬರುತ್ತಿದ್ದರು. ಕನ್ನಡಕದಣ್ಣನ ಹಣೆಯಲ್ಲಿ ಬೆವರೊಡೆಯಿತು. ಜೇಬಿನಿಂದ ಕರವಸ್ತ್ರ ಎಳೆದು ಒರೆಸಿಕೊಂಡ.

"ಅದೇನು ಫಾರಂ? ನಂಗೂ ಒಂದು ಕೊಡು, ನಾನೂ ತುಂಬ್ತೀನಿ," ಎಂದರು ಆಂಟಿ.

"ಏನಿಲ್ಲ ಆಂಟಿ, ಅಂಗಡಿ ಸಮೀಕ್ಷೆ. ಒಂದೇ ಇರೋದು." ಆಮೇಲೆ ಮೇಷ್ಟ್ರ ಕಡೆ ತಿರುಗಿ ಕಣ್ಣು ಮಿಟುಕಿಸಿ, ಹುಬ್ಬು ಹಾರಿಸಿ, ದನಿ ತಗ್ಗಿಸಿ ಹೇಳಿದ. "ಯಾರ ಬಗ್ಗೆ ಅಂತ ನಿಮಗೇ ಗೊತ್ತಲ್ಲ ಮೇಷ್ಟ್ರೇ. ಏನೂ ಮುಚ್ಚಿಡ್ದೆ ಬರೀರಿ."

ಮೇಷ್ಟ್ರು ಫಾರಮ್ಮಿನ ಮೇಲೆ ಕಣ್ಣಾಡಿಸಿದರು. ವಸ್ತುಗಳನ್ನು ಕಳೆದುಕೊಳ್ಳುವುದುಂಟೇ? ಹೇಳಿದ್ದನ್ನು ಮರೆಯುವುದುಂಟೇ? ಶುರು ಮಾಡಿದ ಕೆಲಸವನ್ನು ಅರ್ಧಕ್ಕೇ ಬಿಡುವುದುಂಟೇ? ಓದುತ್ತ ಹೋದಂತೆ ಅವರ ಮುಖ ಸಪ್ಪಗಾಯಿತು.

"ಗೊತ್ತಾಯ್ತಪ್ಪ," ಎಂದರು ಮೆಲ್ಲಗೆ. "ನಿನ್ನ ಕಣ್ಣಿಗೂ ಬಿತ್ತಲ್ಲ."

ಒಳಗೆ ಹೋದವರು ಬೇಗ ಬರಲಿಲ್ಲ. ಪೆನ್ನು ಸಿಗಲಿಲ್ಲವೆಂದು ಅರ್ಧ ಗಂಟೆ ಹೋಯಿತು. ಸಿಕ್ಕ ಪೆನ್ನಿಗೆ ಮುಚ್ಚಳವಿಲ್ಲವೆಂದು ಹುಡುಕಹೊರಟವರು ಹಳೆಯ ಫೋಟೋ ನೋಡುತ್ತ ಕೂತರು. ಎರಡೂವರೆಗೆ ಕನ್ನಡಕದಣ್ಣ ಕಿಟಕಿಯಲ್ಲಿ ಇಣುಕಿದಾಗ ಗಿಡಕ್ಕೆ ನೀರು ಹಾಕುತ್ತಿದ್ದರು. ಅವನ ಜೀವ ಬಾಯಿಗೆ ಬಂದಿತ್ತು. ಮೂರೂಕಾಲಿಗೆ, ಅಂತೂ ಇಂತೂ, ಅಂಟಿಸಿದ ಲಕೋಟೆ ಕೈಗೆ ಬಂತು.

"ನಿಜಾನೇ ಬರೆದಿದೀನಿ," ಎಂದರು ಮೇಷ್ಟ್ರು. ಅವರ ಕಣ್ಣಂಚು ಒದ್ದೆಯಾಗಿತ್ತು. ಪರರ ಮಗುವಿನ ಮೇಲೆ ಎಷ್ಟು ಅಕ್ಕರೆ ಎಂದು ಕನ್ನಡಕದಣ್ಣ ಅವರಿಗೆ ಕೈಮುಗಿದ.

ಶಾಲೆಯಿಂದ ಪುಟ್ಟಿಯನ್ನು ಎಳೆದುಕೊಂಡು ಓಡಿ, ಅರ್ಧ ದಾರಿಯಲ್ಲಿ ಅವಳು ಬಿಟ್ಟುಬಂದ ಚೀಲಕ್ಕೆ ವಾಪಸು ಓಡಿ, ನಾಲ್ಕಕ್ಕೆ ಒಂದು ನಿಮಿಷವಿರುವಾಗ ಕ್ಲಿನಿಕ್ ತಲುಪಿದ. ಡಾಕ್ಟರಮ್ಮ ಪುಟ್ಟಿಯನ್ನು ಒಳಗೆ ಕರೆದುಕೊಂಡರು. ಒಂದೂವರೆ ಗಂಟೆ ಅವನು ಹೊರಗೆ ಕೂತು ತನ್ನ ಕನ್ನಡಕವನ್ನು ಹದಿನೇಳು ಸಲ ಒರೆಸಿದ.

ಕೊನೆಗೆ ಕರೆ ಬಂತು. ಡಾಕ್ಟರಮ್ಮನ ಮೇಜಿನ ಮೇಲೆ ಮೂರು ಫಾರಂ ಹರಡಿದ್ದವು.

"ನಿಮ್ಮ ಮಗಳಿಗೆ ವಯಸ್ಸೆಷ್ಟು?"

"ಎಂಟು, ಮೇಡಂ."

"ಇದರಲ್ಲಿ ಮೂವತ್ನಾಲ್ಕು ವರ್ಷ ಸರ್ವೀಸ್ ಮಾಡಿದಾಳೆ ಅಂತಿದೆಯಲ್ರೀ."

ಕನ್ನಡಕದಣ್ಣ ಬೆಪ್ಪಾಗಿ ನೋಡಿದ.

"ಪೆನ್ಷನ್ ಪುಸ್ತಕ ಮೂರು ಸಲ ಕಳ್ಕೊಂಡಿದಾಳಂತೆ. ಗ್ಯಾಸ್ ಆರಿಸೋದು ಮರೀತಾಳಂತೆ." ಡಾಕ್ಟರಮ್ಮ ನಗು ತಡೆಯಲು ಹೆಣಗುತ್ತಿದ್ದರು. ಪುಟ ತಿರುಗಿಸಿದಾಗ ಆ ನಗು ತಾನಾಗಿಯೇ ನಿಂತಿತು. "ಕೊನೇಲಿ ಬರೆದಿರೋದು ಕೇಳಿ. 'ಹೆಂಡತಿ ಇದ್ದಾಗ ಬೀಗದ ಕೈ ಹುಡುಕಿಕೊಡುತ್ತಿದ್ದಳು. ಜೀವಮಾನವಿಡೀ ಇದನ್ನು ಸೋಮಾರಿತನ ಎಂದುಕೊಂಡೆ. ಕ್ಲಾಸಿನಲ್ಲಿ ನನ್ನಂಥ ಮಕ್ಕಳು ಸಿಕ್ಕಾಗ ಅವರಿಗೂ ಹಾಗೇ ಬೈದೆ. ಈಗ ಒಬ್ಬರಾದರೂ ಕೇಳಿದರಲ್ಲ.' ಯಾರಿವರು?"

ಜೇಬಿನಲ್ಲಿದ್ದ ಪಟ್ಟಿಯ ನೆನಪಾಗಿ ಅವನು ತಡಕಾಡಿದ. ಜೇಬು ಖಾಲಿ. ಮುಖ ಹುಳ್ಳಗೆ ಮಾಡಿಕೊಂಡು ಕತ್ತರಿಯ ಕತೆಯನ್ನೆಲ್ಲ ಒಪ್ಪಿಸಿದ.

ಡಾಕ್ಟರಮ್ಮ ಬೈಯಲಿಲ್ಲ. "ನೋಡಿ, ನಿಮ್ಮ ಫಾರಂ, ಟೀಚರ್ ಫಾರಂ, ನಾನು ಇವತ್ತು ಕಂಡಿದ್ದು, ಮೂರೂ ತಾಳೆ ಆಗತ್ತೆ. ಇದನ್ನ ಎಡಿಎಚ್‌ಡಿ ಅಂತಾರೆ. ಅವಳ ಹಟ ಅಲ್ಲ, ನಿಮ್ಮ ತಪ್ಪೂ ಅಲ್ಲ. ಅವಳ ಗಮನ ಒಂದೆಡೆ ನಿಲ್ಲೋ ರೀತಿ ಬೇರೆ, ಅಷ್ಟೇ. ಅದಕ್ಕೆ ಸಹಾಯ ಇದೆ, ಕಲಿಸೋ ದಾರಿ ಇದೆ."

ಕನ್ನಡಕದಣ್ಣ ಏನೋ ಹೇಳಹೋಗಿ ಅತ್ತುಬಿಟ್ಟ. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಗಿತ್ತು. ಪುಟ್ಟಿ ಅವನ ತೋಳು ಜಗ್ಗಿದಳು. "ಅಪ್ಪಾ, ನಾನು ಕೆಟ್ಟವಳಲ್ವಂತೆ. ನಂಗೂ ಹೇಳಿದ್ರು."

"ಆದ್ರೆ ಶಾಲೆಗೆ ಪತ್ರ ಕೊಡೋಕೆ ಮೂರನೇ ಫಾರಂ ಬೇಕೇ ಬೇಕು," ಎಂದರು ಡಾಕ್ಟರಮ್ಮ. "ನಾಳೆ ಬೆಳಿಗ್ಗೆ ನಾನು ಒಂದು ತಿಂಗಳು ಊರಿಗೆ ಹೊರಡ್ತೀನಿ. ಎಂಟು ಗಂಟೆ ಒಳಗೆ ತಂದ್ಕೊಡಿ. ನಮ್ಮ ಹತ್ರ ಉಳಿದಿರೋದು ಇದೊಂದೇ, ಜೋಪಾನ. ಕತ್ತರಿ ಮುಟ್ಬೇಡಿ. ಹಾಂ, ಆ ಮೇಷ್ಟ್ರನ್ನೂ ಒಂದ್ಸಲ ಕರ್ಕೊಂಡ್ಬನ್ನಿ. ದೊಡ್ಡವರನ್ನ ನೋಡೋ ಡಾಕ್ಟರು ಮಹಡಿ ಮೇಲಿದಾರೆ."

ಗಾಳಿಯಲ್ಲಿ ತೇಲುತ್ತ ವಠಾರಕ್ಕೆ ಬಂದರೆ ಮೆಟ್ಟಿಲ ಬುಡದಲ್ಲಿ ಜನವೋ ಜನ. ನಡುವೆ ರೇಡಿಯೋ ಆಂಟಿ. ಅವರ ಕೈಯಲ್ಲಿ ಎರಡಂಗುಲದ, ನೀಟಾಗಿ ಕತ್ತರಿಸಿದ ಪಟ್ಟಿ. ಬೆವರೊರೆಸಿಕೊಂಡಾಗ ಕರವಸ್ತ್ರದ ಜೊತೆ ಜೇಬಿನಿಂದ ಹೊರಬಿದ್ದಿತ್ತು.

ಕನ್ನಡಕದಣ್ಣನ ಕೈ ಖಾಲಿ ಜೇಬಿಗೆ ಹೋಯಿತು. ಆಂಟಿ ಅವನನ್ನು ಪಕ್ಕಕ್ಕೆ ಎಳೆದುಕೊಂಡರು.

"ಅಲ್ಲಯ್ಯಾ, ಇದನ್ನ ಮುಚ್ಚಿಡೋಕೆ ಇಷ್ಟು ಒದ್ದಾಡಿದ್ಯಾ? ನಮ್ಮ ದೊಡ್ಡೋನಿಗೂ ಅದೇ ಡಾಕ್ಟರು. ಮೂರು ವರ್ಷ ಆಯ್ತು. ನಾನು ಯಾರಿಗಾದ್ರೂ ಹೇಳಿದ್ನಾ?"

ಮೆಟ್ಟಿಲ ಬುಡದವರೆಲ್ಲ ತಿರುಗಿ ನೋಡಿದರು. ಆಂಟಿ ಪಿಸುಗುಟ್ಟಿದ್ದು ಎರಡನೇ ಅಂತಸ್ತಿಗೂ ಕೇಳಿಸಿತ್ತು.

"ತಲೆ ಕತ್ತರಿಸಿದ್ರೂ ಆ ಫಾರಂ ನೋಡಿದ ತಕ್ಷಣ ಗುರುತು ಸಿಕ್ತು ನಂಗೆ," ಎಂದರು ಆಂಟಿ. "ಅದಕ್ಕೇ ಒಂದು ಕೊಡು ಅಂದಿದ್ದು. ಐದು ನಿಮಿಷದಲ್ಲಿ ತುಂಬಿಕೊಡ್ತಿದ್ದೆ."

ಕನ್ನಡಕದಣ್ಣ ತಲೆ ಚಚ್ಚಿಕೊಂಡ. ಆದರೂ ಒಳಗೊಳಗೇ ಹಗುರಾಗಿದ್ದ. ಹೊಸ ಫಾರಂ ಆಂಟಿಗೇ ಕೊಡೋಣವೆಂದು ತೆಗೆಯುವಷ್ಟರಲ್ಲಿ ಮೇಷ್ಟ್ರು ಮುಂದೆ ಬಂದು ಕೈಯೊಡ್ಡಿದರು. ಪಟ್ಟಿಯ ಮೇಲಿನ ಹೆಸರು ಓದಿ ನಡೆದದ್ದೆಲ್ಲ ಅವರಿಗೆ ಅರ್ಥವಾಗಿತ್ತು. ನಾಚಿಕೆಯಿಂದ ಮುಖ ಕೆಂಪೇರಿತ್ತು.

"ಕೊಡಯ್ಯಾ. ಈ ಸಲ ನಮ್ಮ ಹುಡುಗಿ ಬಗ್ಗೆನೇ ಬರೀತೀನಿ. ನನ್ನ ಶಿಷ್ಯೆ ಅವಳು."

ಇಲ್ಲವೆನ್ನಲಾಗದೆ ಕನ್ನಡಕದಣ್ಣ ಫಾರಂ ಅವರ ಕೈಗಿಟ್ಟ. ಮೇಷ್ಟ್ರು ಹತ್ತೇ ನಿಮಿಷದಲ್ಲಿ ಬರೆದು ಮುಗಿಸಿದರು. ಅವರು ಬರೆಯುವುದನ್ನು ಎಲ್ಲರೂ ಕಂಡರು. ಲಕೋಟೆ ತರುತ್ತೇನೆಂದು ಒಳಗೆ ಹೋದರು. ಲಕೋಟೆ ಹಿಡಿದು ಹೊರಗೆ ಬಂದರು. ಲಕೋಟೆಯೇನೋ ಇತ್ತು, ಫಾರಂ ಇರಲಿಲ್ಲ.

"ಈಗ ತಾನೇ ಕೈಯಲ್ಲಿತ್ತು," ಎಂದರು ಮೇಷ್ಟ್ರು.

ವಠಾರಕ್ಕೆ ವಠಾರವೇ ಅವರ ಮನೆಗೆ ನುಗ್ಗಿತು. ಮಂಚದ ಕೆಳಗೆ ಮೂರು ಪೆನ್ನು, ಅಕ್ಕಿ ಡಬ್ಬಿಯಲ್ಲಿ ಬೀಗದ ಕೈ, ಹೂಕುಂಡದ ಹಿಂದೆ ಪೆನ್ಷನ್ ಪುಸ್ತಕ ಸಿಕ್ಕವು. ಫಾರಂ ಒಂದು ಸಿಗಲಿಲ್ಲ. ಕನ್ನಡಕದಣ್ಣ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತ. ಅಳಬೇಕೆಂದುಕೊಂಡರೆ ಬರುತ್ತಿದ್ದುದು ನಗು.

ಮೇಷ್ಟ್ರು ಅವನ ಪಕ್ಕದಲ್ಲೇ ಕುಸಿದು ಕೂತು ಕಣ್ಣೊರೆಸಿಕೊಂಡರು. ಪುಟ್ಟಿ ಬಂದು ಅವರ ಮಂಡಿಯ ಮೇಲೆ ಕೈಯಿಟ್ಟಳು.

"ಅಳ್ಬೇಡಿ ಮೇಷ್ಟ್ರೇ, ನೀವು ಕೆಟ್ಟವರಲ್ಲ," ಎಂದು ಸಮಾಧಾನ ಮಾಡಿದಳು. "ಇದಕ್ಕೊಂದು ಹೆಸರಿದೆ. ನಾಲ್ಕಕ್ಷರ. ನಂಗೆ ಮೂರು ನೆನಪಿದೆ."