ನಟ್ಟು ಸಿಕ್ಕಿತು, ಕಾರು ಹೋಯಿತು

ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿನ ಸರ್ಕಾರಿ ಕಚೇರಿಯಲ್ಲಿದ್ದ ನಾನೂ ಫೈಲುಗಳ ಜೊತೆಗೆ ಸೇರಿಹೋದೆ. ಮೊದಲು ಎರ್ಣಾಕುಳಕ್ಕೆ ವರ್ಗ. ಅಲ್ಲಿ, ಸ್ವದೇಶಕ್ಕೆ ಮರಳುತ್ತಿದ್ದ ಇಂಗ್ಲಿಷ್ ದೊರೆಯೊಬ್ಬನ ಹಳೆಯ ಕಾರನ್ನು ಕೊಂಡೆ. ಆ ಊರು ಚಪಾತಿ ಮಣೆಯಷ್ಟು ಸಮತಟ್ಟು. ಕಾರು ನಿಲ್ಲಿಸಿದಲ್ಲೇ ನಿಲ್ಲುತ್ತಿತ್ತು. ಅದರ ಹ್ಯಾಂಡ್‌ಬ್ರೇಕ್ ಬರೀ ಅಲಂಕಾರಕ್ಕೆ ಎಂಬ ಸತ್ಯ ತಿಳಿದದ್ದು ಮರುವರ್ಷ ತಿರುವನಂತಪುರಕ್ಕೆ ಬಂದ ಮೇಲೆ. ಇಲ್ಲಿ ರಸ್ತೆ ಒಂದೋ ಏರುತ್ತದೆ, ಇಲ್ಲವೇ ಇಳಿಯುತ್ತದೆ!

ನಮ್ಮ ಬಾಡಿಗೆ ಮನೆ ಇಳಿಜಾರಿನ ತುದಿಯಲ್ಲಿ. ಸಂಜೆ ನಾನು ಬಂದೊಡನೆ ಹೆಂಡತಿ ಶಾರದೆ ಸೆರಗು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಒಂದು ದಪ್ಪ ಕಲ್ಲು ಹಿಡಿದು ಓಡಿ ಬಂದು ಹಿಂದಿನ ಚಕ್ರಕ್ಕೆ ಕೊಡಬೇಕಿತ್ತು. ಕನ್ನಡದವರು ಗಂಡನನ್ನು ಬರಮಾಡಿಕೊಳ್ಳುವ ಕ್ರಮವೇ ಇದು ಎಂದು ನೆರೆಯ ಹೆಂಗಸರು ತಿಳಿದಿದ್ದರಂತೆ.

ಇಳಿಜಾರಿನ ಬುಡದಲ್ಲಿ ನಿವೃತ್ತ ಮೇಷ್ಟ್ರು ಕುರುಪ್ಪರ ಮನೆ. ಅವರ ಮಗಳು ಸುಭದ್ರೆ ಶಾಲೆಯಲ್ಲಿ ಟೀಚರ್. ಎರಡು ಸಂಬಂಧಗಳು ಬಂದು ಮುರಿದಿದ್ದವು. ಮೂರನೆಯ ಹುಡುಗ ಕಳಮಶ್ಶೇರಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ.

"ಸಾರೇ, ಭಾನುವಾರ ಮೂರು ಗಂಟೆಗೆ ಹೆಣ್ಣು ನೋಡಲು ಬರುವವರನ್ನು ತಂಪಾನೂರು ಬಸ್ ಸ್ಟ್ಯಾಂಡಿನಿಂದ ಕರೆತರಬೇಕು," ಎಂದರು ಕುರುಪ್ಪರು. "ಕಾರಿನಲ್ಲಿ ಬಂದರೆ ನಮಗೂ ಒಂದು ಮರ್ಯಾದೆ."

"ಕಾರು ನಿಮ್ಮದೇ ಅಂದುಕೊಳ್ಳಿ!" ಎಂದೆ.

ಶಾರದೆ ಮಾತ್ರ ಖಡಾಖಂಡಿತವಾಗಿ ಹೇಳಿದಳು: "ಮದುಮಗನ ಕಡೆಯವರ ಎದುರು ಕಲ್ಲು ಹಿಡ್ಕೊಂಡು ಓಡ್ಲಿಕ್ಕೆ ನನ್ನಿಂದ ಆಗುದಿಲ್ಲ. ವರ್ಕ್‌ಶಾಪಿಗೆ ಕೊಡಿ."

"ಒಂದು ನಟ್ಟು ತಿರುಗಿಸಲಿಕ್ಕೆ ವರ್ಕ್‌ಶಾಪ್ ಎಂತಕ್ಕೆ?"

ಭಾನುವಾರ ಬೆಳಿಗ್ಗೆ ಸ್ಪಾನರ್ ಸಮೇತ ಕಾರಿನಡಿಗೆ ದಯಮಾಡಿಸಿದೆ. ಹ್ಯಾಂಡ್‌ಬ್ರೇಕಿನ ಕೇಬಲ್ ಕೊನೆಯಲ್ಲಿ ನಟ್ಟು ಸಿಕ್ಕಿತು. ತೋಳಿನ ಬಲ ಮುಗಿಯುವವರೆಗೂ ಬಿಗಿದೆ. ಹೊರಬಂದು ಕಲ್ಲು ತೆಗೆದರೆ ಕಾರು ಒಂದಿಂಚೂ ಜಗ್ಗಲಿಲ್ಲ!

"ನೋಡಿದೆಯಾ?"

"ನೋಡಿದೆ. ಈಗ ನಡೆಸಿ ತೋರ್ಸಿ."

ಎಂಜಿನ್ ಗುರುಗುಟ್ಟಿತು, ಕೆಮ್ಮಿತು, ಸತ್ತಿತು. ಹ್ಯಾಂಡ್‌ಬ್ರೇಕ್ ಇಳಿಸಿದರೂ ಚಕ್ರ ಬಿಡಲೊಲ್ಲದು. ಕಾರು ಇನ್ನು ಪ್ರಳಯದವರೆಗೂ ಅಲ್ಲೇ ನಿಲ್ಲಲು ಸಿದ್ಧವಾಗಿತ್ತು!

ಶಾರದೆ ಕಲ್ಲನ್ನು ಮತ್ತೆ ಚಕ್ರಕ್ಕೆ ಕೊಟ್ಟಳು. ಹ್ಯಾಂಡ್‌ಬ್ರೇಕ್ ಎಳೆದು ನೋಡಲು ಅವಳನ್ನೇ ಒಳಗೆ ಕೂರಿಸಿ, ನಾನು ಕೆಳಗೆ ನುಸುಳಿ ನಟ್ಟನ್ನು ಹಿಂದಕ್ಕೆ ತಿರುಗಿಸಿದೆ. ಅದು ಹಟಮಾರಿ. ನಾನು ಇನ್ನೂ ಹಟಮಾರಿ. ಕೊನೆಗೆ ಅದು ಪೂರ್ತಿ ಕಳಚಿ, ಟಣ್ಣೆಂದು ಬಿದ್ದು, ಉರುಳಿ ಹೋಗಿ ಕಲ್ಲಿನ ಸಂದಿಯಲ್ಲಿ ಅಡಗಿತು. ನಾನು ಹೊರಬಂದು, ಚಕ್ರದ ಪಕ್ಕ ಕುಳಿತು, ಬಹಳ ಜಾಗರೂಕತೆಯಿಂದ ಕಲ್ಲನ್ನೆತ್ತಿದೆ.

ನಟ್ಟು ಸಿಕ್ಕಿತು. ಕಾರು ಹೋಯಿತು.

"ಅಯ್ಯಯ್ಯೋ, ಇದು ಹೋಗ್ತಾ ಉಂಟು ಮಾರಾಯ್ರೇ!"

ಒಂದು ಕೈಯಲ್ಲಿ ನಟ್ಟು, ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದು ನಾನು ಬೆನ್ನಟ್ಟಿದೆ. "ಮಧ್ಯದ್ದನ್ನು ಒತ್ತು!"

"ಯಾವುದರ ಮಧ್ಯದ್ದು?"

"ಕಾಲಿನ ಹತ್ತಿರ ಇರುವುದು!"

ಅವಳು ಮೊದಲು ಹಾರನ್ ಒತ್ತಿದಳು. ಆಮೇಲೆ ಬ್ರೇಕ್ ಸಿಕ್ಕಿತು. ಅಷ್ಟರಲ್ಲಿ ಕಾರು ಹಿಮ್ಮುಖವಾಗಿಯೇ ಕುರುಪ್ಪರ ದಾಸವಾಳದ ಬೇಲಿಯನ್ನು ಸೀಳಿ ಅವರ ಅಂಗಳ ಪ್ರವೇಶಿಸಿತ್ತು. ಓಡಿ ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟು ಬಾಗಿಲು ತೆರೆದೆ.

"ಪೆಟ್ಟಾಯಿತಾ?"

"ನನಗೆ ಎಂತ ಆಗ್ಲಿಲ್ಲ. ಪಾಪ, ಅವರ ಬೇಲಿ ನೋಡಿ."

ಕುರುಪ್ಪರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೆಟ್ಟಿಲ ಮೇಲೆ ಕುಸಿದು ಕುಳಿತು, "ಬೇಲಿ ಮತ್ತೆ ಚಿಗುರುತ್ತದೆ ಸಾರೇ. ಈ ಸಂಬಂಧವೂ ತಪ್ಪಿದರೆ..." ಎಂದಷ್ಟೇ ಹೇಳಿದರು. ಅದನ್ನು ಕೇಳಲಾರದೆ ಮತ್ತೆ ಕಾರಿನಡಿಗೆ ಹೋದೆ. ಕೇಬಲ್ಲಿನ ತುದಿ ಅದರ ಕೊಳವೆಯೊಳಗೆ ಜಾರಿ ಹೋಗಿತ್ತು. ಅದನ್ನು ಹೊರಗೆಳೆಯುವ ನನ್ನ ಹೋರಾಟದಲ್ಲಿ ಊಟದ ಹೊತ್ತು ಮೀರಿತು, ಮೂರು ಗಂಟೆಯೂ ದಾಟಿತು.

ಬಸ್ ಸ್ಟ್ಯಾಂಡಿನಲ್ಲಿ ಕಾದು ಸುಸ್ತಾದ ನೆಂಟರು ಟ್ಯಾಕ್ಸಿ ಮಾಡಿಕೊಂಡು ತಾವೇ ಬಂದರು. ಅಡಿಯಿಂದ ನನಗೆ ಕಂಡದ್ದು ಎರಡು ಜೊತೆ ಪಾದ ಮಾತ್ರ.

"ಇದೇನು ಕುರುಪ್ ಮಾಷೇ, ಮನೆಯೋ ವರ್ಕ್‌ಶಾಪೋ?" ಇದು ಹುಡುಗನ ಸೋದರಮಾವನ ಗಡಸು ದನಿ.

ಆಗ ಒಂದು ಜೊತೆ ಪಾದ ಚಪ್ಪಲಿ ಬಿಟ್ಟಿತು. ಬಿಳಿ ಮುಂಡು ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿಕೊಂಡ ಯುವಕನೊಬ್ಬ ನನ್ನ ಪಕ್ಕದಲ್ಲೇ ಅಂಗಾತ ಮಲಗಿದ. ಮದುಮಗ!

"ಸ್ಪಾನರ್ ಕೊಡಿ. ಯಾರು ಬಿಚ್ಚಿದ್ದು ಇದನ್ನು?"

"ಯಾರೋ ಒಬ್ಬ ಅವಿವೇಕಿ," ಎಂದೆ. ಸುಳ್ಳು ಹೇಳಿದಂತಾಗಲಿಲ್ಲ.

ಹದಿನೈದು ನಿಮಿಷದಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯಿತು, ಬಿಟ್ಟಿತು. ಹುಡುಗನ ಮೊಣಕೈವರೆಗೂ ಗ್ರೀಸು. ಸುಭದ್ರೆ ನಗು ತಡೆದುಕೊಳ್ಳುತ್ತ ನೀರು, ಸೋಪು ತಂದಳು. ನೀರು ಹೊಯ್ಯುತ್ತ, ಏನು ಕೆಟ್ಟಿತ್ತು ಎಂದು ಕೇಳಿದಳು. ಅವನು ಹೇಳಿದ. ಅವಳು ಮತ್ತೊಂದು ಪ್ರಶ್ನೆ ಕೇಳಿದಳು. ರಿಪೇರಿಗಿಂತ ಕೈ ತೊಳೆಯಲಿಕ್ಕೇ ಹೆಚ್ಚು ಹೊತ್ತು ಹಿಡಿಯಿತು! ಸೋದರಮಾವ ಎರಡು ಸಲ ಕೆಮ್ಮಿದರೂ ಇಬ್ಬರಿಗೂ ಕೇಳಿಸಲಿಲ್ಲ.

ವಾರ ಕಳೆಯುವುದರೊಳಗೆ ಒಪ್ಪಿಗೆಯ ಕಾಗದ ಬಂತು. ಮದುವೆಗೆ ಕರೆಯಲು ಬಂದ ಕುರುಪ್ಪರು ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ತಡವರಿಸಿದರು.

"ಸಾರೇ, ಒಂದೇ ಒಂದು ಕೋರಿಕೆ. ಆ ದಿನ ಕಾರನ್ನು ಬೇರೆ ಬೀದಿಯಲ್ಲಿ ನಿಲ್ಲಿಸಬೇಕು. ಚಪ್ಪರ ಹಾಕುವುದು ನಿಮ್ಮ ಮನೆಯ ನೇರ ಕೆಳಗೆ."

ನನಗೆ ಅಭಿಮಾನಭಂಗವಾಯಿತು. "ಈಗ ಬ್ರೇಕ್ ಭದ್ರವಾಗಿದೆ. ಸರಿಮಾಡಿದ್ದು ನಿಮ್ಮ ಅಳಿಯನೇ!"

"ಗೊತ್ತು ಸಾರೇ. ಆದರೆ ಆ ಕಾರು ಇರುವುದು ನಿಮ್ಮ ಜೊತೆಯಲ್ಲವೇ?"

ಒಳಗಿನಿಂದ ಶಾರದೆ ನಕ್ಕದ್ದು ಕೇಳಿಸಿತು. ಮದುವೆಯ ದಿನ ನಾನು ಎರಡು ಬೀದಿ ಆಚೆ ಸಮತಟ್ಟಾದ ಜಾಗ ಹುಡುಕಿ ಕಾರು ನಿಲ್ಲಿಸಿ ಬಂದೆ. ಸ್ಪಾನರನ್ನು ಕುರುಪ್ಪರೇ ಕೇಳಿ ತೆಗೆದುಕೊಂಡು ಹೋದರು!