ಮೆಟ್ಟಿಲಿನ ದೀಪ, ಮಾವನ ಸಿಗ್ನಲ್ಲು

"ಎಲೆಕ್ಟ್ರಿಷಿಯನ್ನಾ? ನಮ್ಮನೆಗಾ? ನಾನು ಬದುಕಿರುವಾಗಲಾ?"

ಗಡಿಯಾರ ರಿಪೇರಿಯವರು ಹೀಗೆ ಗುಡುಗಿದಾಗ ಮನೆಯ ಗೋಡೆಗಡಿಯಾರವೇ ನಿಂತುಹೋಯಿತಂತೆ. ಅದು ನಿಂತು ವರ್ಷವಾಗಿತ್ತೆಂಬುದು ಬೇರೆ ಮಾತು!

"ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನ ಉಸಿರು ಬಿಗಿಹಿಡಿದು ಕೂರಿಸೋ ಕೈ ಕಣೇ ಇದು! ಮೆಟ್ಟಿಲಿಗೊಂದು ದೀಪ ಹಾಕೋದು ಯಾವ ಮಹಾ?"

"ಬಾತ್‌ರೂಮಿನ ಚಿಲಕ ರಿಪೇರಿ ಮಾಡಿದ್ದೂ ಅದೇ ಕೈ ತಾನೇ?" ಎಂದರು ಹೆಂಡತಿ. ಆ ರಿಪೇರಿಯಾದ ದಿನದಿಂದ ಬಾಗಿಲಿಗೆ ಚಿಲಕ ಬಿದ್ದದ್ದೇ ಇಲ್ಲ.

ಆದರೆ ಸಂಗತಿ ನಗುವಂಥದ್ದಾಗಿರಲಿಲ್ಲ. ಅವರದು ಮಹಡಿ ಮನೆ; ಹೊರಗಿನ ಕಲ್ಲುಮೆಟ್ಟಿಲೊಂದೇ ದಾರಿ. ಹೆಂಡತಿ ಮನೆಯಲ್ಲೇ ಸಂಜೆ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಕೆಲಸ ಮುಗಿಸಿ ಬರುವ ಹೆಂಗಸರೇ ವಿದ್ಯಾರ್ಥಿನಿಯರು. ಕಳೆದ ವಾರ ಬ್ಯಾಂಕಿನ ಕ್ಯಾಷಿಯರಮ್ಮ ಕತ್ತಲಲ್ಲಿ ಕಾಲು ಉಳುಕಿಸಿಕೊಂಡಿದ್ದರು. ಅಂದಿನಿಂದ ಉಳಿದವರೂ ರಸ್ತೆ ತುದಿಯ ಇನ್ನೊಂದು ಕ್ಲಾಸಿನತ್ತ ಕತ್ತು ಹೊರಳಿಸತೊಡಗಿದ್ದರು.

"ಇವತ್ತು ಮೆಟ್ಟಿಲಿಗೆ ಬೆಳಕಿಲ್ದಿದ್ರೆ ನಾಳೆಯಿಂದ ನನ್ನ ಕ್ಲಾಸು ಇರಲ್ಲ ರೀ." ಆ ದನಿಯಲ್ಲಿ ಜಗಳವಿರಲಿಲ್ಲ. ಅದೇ ಅವರನ್ನು ಚುಚ್ಚಿದ್ದು.

ಕೂಡಲೇ ಮೇನ್ ಸ್ವಿಚ್ ಆರಿಸಿ, ಅದಕ್ಕೆ ಮಾವನವರನ್ನು ಕಾವಲಿಟ್ಟರು. ಮಾವ, ಅಂದರೆ ಹೆಂಡತಿಯ ತಂದೆ, ನಿವೃತ್ತ ಸ್ಟೇಷನ್ ಮಾಸ್ಟರು. ಚಿಲಕ ಕೈಕೊಟ್ಟ ಮೇಲೆ ಮನೆಗೊಂದು ಕಾನೂನು ತಂದವರೇ ಅವರು: ಬಾತ್‌ರೂಮಿನಲ್ಲಿ ದೀಪ ಉರಿಯುತ್ತಿದ್ದರೆ ಒಳಗೆ ಗಾಡಿ ನಿಂತಿದೆ, ಆರಿದ್ದರೆ ಲೈನ್ ಕ್ಲಿಯರ್! ಬಾಗಿಲು ತಟ್ಟುವುದು, ಕೂಗುವುದು ಮರ್ಯಾದಸ್ಥರ ಲಕ್ಷಣವಲ್ಲ.

ಅಳಿಯ ಉಳಿ-ಸುತ್ತಿಗೆಯಲ್ಲಿ ಗೋಡೆ ಕೊರೆದ ಸದ್ದಿಗೆ, ಯಾರೋ ಸುರಂಗ ತೋಡುತ್ತಿದ್ದಾರೆಂದು ಪಕ್ಕದ ಬೀದಿಯವರು ಮಕ್ಕಳನ್ನು ಒಳಗೆ ಕರೆದುಕೊಂಡರು. ಮೆಟ್ಟಿಲಿಗೆ ಅಂಟಿಕೊಂಡಿದ್ದದ್ದು ಬಾತ್‌ರೂಮಿನ ಗೋಡೆ. ಅಲ್ಲಿದ್ದ ಬಲ್ಬಿನ ಹೋಲ್ಡರಿನಿಂದಲೇ ವೈರು ಎಳೆದು, ತೂತಿನಲ್ಲಿ ತೂರಿಸಿ, ಹೊರಗಿನ ದೀಪಕ್ಕೆ ಜೋಡಿಸಿದರು. ಮೇನ್ ಹಾಕಿಸಿ, ಬಾಗಿಲ ಹೊರಗಿದ್ದ ಬಾತ್‌ರೂಮಿನ ಸ್ವಿಚ್ಚು ಒತ್ತಿದರು. ಒಳಗೂ ಬೆಳಕು, ಹೊರಗೂ ಬೆಳಕು! ಒಂದೇ ಏಟಿಗೆ ಎರಡು ಸೂರ್ಯೋದಯ!

ಸಂಜೆ ಕ್ಯಾಷಿಯರಮ್ಮ ಕುಂಟುತ್ತಲೇ ಹತ್ತಿ ಬಂದರು. "ಅಬ್ಬಾ, ಹಗಲಿದ್ದ ಹಾಗಿದೆ ಮೇಡಂ!" ಹೆಂಡತಿಯ ಮುಖ ಅರಳಿತು. ಗಡಿಯಾರದವರ ಎದೆ ಎಷ್ಟು ಉಬ್ಬಿತೆಂದರೆ, ಅಂಗಿಯ ಗುಂಡಿಯೊಂದು ಹಾರಿ ಕ್ಲಾಸಿಗೇ ಕೆಲಸ ಕೊಟ್ಟಿತು.

ಸ್ವಲ್ಪ ಹೊತ್ತಿಗೆ ಮಾವ ಬಾತ್‌ರೂಮಿನ ಬಳಿ ಬಂದರು. ದೀಪ ಉರಿಯುತ್ತಿತ್ತು. ಹಿಂದಿರುಗಿದರು. ಮತ್ತೆ ಬಂದರು. ಉರಿಯುತ್ತಲೇ ಇತ್ತು. ಮೂರನೆಯ ಸಲ ಹಿಂದಿರುಗುವ ಚೈತನ್ಯವಿಲ್ಲದೆ ಗೋಡೆ ಹಿಡಿದು ನಿಂತರು. ಅವರ ಹಿಂದೆ ಕ್ಲಾಸಿನ ಒಬ್ಬ ನರ್ಸಮ್ಮ, ಅವರ ಹಿಂದೆ ಕ್ಯಾಷಿಯರಮ್ಮ. ಖಾಲಿ ಬಾತ್‌ರೂಮಿನ ಮುಂದೆ ಸಾಲು ಬೆಳೆಯಿತು!

"ಒಳಗೆ ಯಾರು ಅಳಿಯಂದಿರೇ?" ಮಾವನ ದನಿ ಕೀರಲಾಗಿತ್ತು.

ಗಡಿಯಾರದವರಿಗೆ ಆಗ ಹೊಳೆಯಿತು. ದೀಪ ಆರಿಸಿದರೆ ಮೆಟ್ಟಿಲು ಕತ್ತಲು. ನಿಜ ಹೇಳಿದರೆ ಮಾನ ಕತ್ತಲು! "ಯಾರೋ... ಇನ್ನೇನು ಬಂದೇಬಿಡ್ತಾರೆ ಮಾವ."

"ಯಾರೋ ಅಂದ್ರೆ? ಗೂಡ್ಸ್ ಗಾಡಿನೂ ಇಷ್ಟು ಹೊತ್ತು ನಿಲ್ಲಲ್ವಲ್ರೀ!"

ಕ್ಲಾಸು ಮುಗಿಸಿ ಹೆಂಡತಿ ಬಂದರು. ಸಾಲನ್ನು ನೋಡಿದರು, ತಲೆಗಳನ್ನು ಎಣಿಸಿದರು.

"ಎಲ್ಲರೂ ಇಲ್ಲೇ ಇದೀರಲ್ಲ! ಒಳಗಿರೋದ್ಯಾರು?"

ಬಾಗಿಲು ತಳ್ಳಿದರು. ಬಲ್ಬೊಂದು ಏಕಾಂತದಲ್ಲಿ ತಪಸ್ಸು ಮಾಡುತ್ತಿತ್ತು. ಮಾವ ಎಕ್ಸ್‌ಪ್ರೆಸ್ಸಿನಂತೆ ಒಳಗೆ ನುಗ್ಗಿದರು. ಉಳಿದಿಬ್ಬರು "ನಾವು ಮನೆಗೇ ಹೋಗ್ತೀವಿ ಬಿಡಿ ಮೇಡಂ" ಎಂದು ಎಲ್ಲರ ಜೊತೆ ಮೆಟ್ಟಿಲಿಳಿಯತೊಡಗಿದರು. ಎಲ್ಲರೂ ನಡುಮೆಟ್ಟಿಲಲ್ಲಿದ್ದಾಗ ಮಾವ ಹೊರಬಂದು, ನಿಷ್ಠೆಯಿಂದ ಸ್ವಿಚ್ ಆರಿಸಿದರು.

"ಅಯ್ಯಯ್ಯೋ!" ಮೆಟ್ಟಿಲುದ್ದಕ್ಕೂ ಚೀರಾಟ!

"ಮಾವಾ, ದೀಪ! ದೀಪ!"

"ಗಾಡಿ ಹೊರಟ ಮೇಲೆ ಸಿಗ್ನಲ್ ಹಾಗೇ ಬಿಡೋಕಾಗುತ್ತೇನ್ರೀ?"

ಮಾವ ಸ್ವಿಚ್ಚಿಗೆ ಅಡ್ಡ ನಿಂತಿದ್ದರು; ವಾದಕ್ಕೆ ಸಮಯವಿರಲಿಲ್ಲ. ಗಡಿಯಾರದವರು ಗೋಡೆಯ ಮೊಳೆಗೆ ನೇತುಹಾಕಿದ್ದ ಟಾರ್ಚು ಕಿತ್ತುಕೊಂಡು ಓಡಿದರು. ಮೊದಲನೆಯ ಮೆಟ್ಟಿಲಲ್ಲೇ ಜಾರಿ ಕುಳಿತರು. ಕುಳಿತೇ ಇನ್ನೆರಡು ಇಳಿದರು. ಟಾರ್ಚು ಮಾತ್ರ ಬಿಡಲಿಲ್ಲ. ಎದ್ದು, ಸೊಂಟ ಹಿಡಿದುಕೊಂಡು, ಒಬ್ಬೊಬ್ಬರನ್ನೇ ಇಳಿಸಿದರು. "ಇದು ಸವೆದಿದೆ, ನಿಧಾನಮ್ಮಾ... ಇದು ಕೊಂಚ ಎತ್ತರ... ಗೋಡೆ ಹಿಡ್ಕೊಳ್ಳಿ... ಹಾಂ, ಬಂತು ನೆಲ!"

ಕೆಳಗೆ ತಲುಪಿದ ಕ್ಯಾಷಿಯರಮ್ಮ ಸುಧಾರಿಸಿಕೊಂಡು ಮೇಲೆ ನೋಡಿದರು. ಬಾಗಿಲಲ್ಲಿ ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದರು.

"ಮೇಡಂ, ನಾಳೆಗೂ ಈ ದೀಪಾನೇ ಇರುತ್ತಲ್ವಾ? ಹಾಗಿದ್ರೆ ಖಂಡಿತ ಬರ್ತೀನಿ. ಇದು ಜೊತೆಗೇ ಇಳಿಯುತ್ತೆ, ಮಾತೂ ಆಡುತ್ತೆ!"

ಹೆಂಡತಿ ಜೋರಾಗಿ ನಕ್ಕುಬಿಟ್ಟರು. "ಬನ್ನಿ, ಬನ್ನಿ, ದಿನಾ ಇರುತ್ತೆ! ಆದ್ರೆ ಮಾತು ಆರಿಸೋ ಸ್ವಿಚ್ಚು ಎಲ್ಲಿದೆ ಅಂತ ಮಾತ್ರ ಕೇಳ್ಬೇಡಿ. ಮದುವೆ ಆದಾಗಿಂದ ಹುಡುಕ್ತಾನೇ ಇದೀನಿ!"

ದೀಪ ಸೊಂಟ ನೀವಿಕೊಳ್ಳುತ್ತ, ತೆಪ್ಪಗೆ ಬೆಳಕು ಚೆಲ್ಲುತ್ತ ನಿಂತಿತು.