ಐದು ತಳಿಯ ಪೇರಲ ಮತ್ತು ನನ್ನ ಕಾವಲು

ಹಣ್ಣು ನೋಡುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಮೂಸಿದರೆ ಸಾಕು, ಒಳಗಿನ ಸಮಾಚಾರವೆಲ್ಲ ಹೇಳಿಬಿಡುತ್ತೇನೆ. ತೋಟಗಾರಿಕೆ ಓದುವ ಮೊಮ್ಮಗಳು ಗೀತಾ ಮಾತ್ರ ಇದನ್ನು ನಂಬುವುದಿಲ್ಲ.

ಅವತ್ತು ಇಂಡಿ ಕಡೆಯ ತೋಟದಿಂದ ಐದು ತಳಿಯ ಪೇರಲ ಹಣ್ಣು ತಂದು, ಬಾಗೇವಾಡಿಯ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಹೊಸ ಗಿಡಗಳು, ಹಣ್ಣಾಗಿದ್ದು ತಳಿಗೊಂದೊಂದೇ. ಯಾವುದು ಎಷ್ಟು ತೂಕ, ಯಾವುದು ಸಿಹಿ, ಯಾವುದರ ಬೀಜ ಮೆತ್ತಗೆ ಎಂದು ನೋಡಿ ಮರುದಿನ ಕಾಲೇಜಿನಲ್ಲಿ ಹೇಳಬೇಕು. ಅವಳ ಪಾಸು-ಫೇಲು ಅದರ ಮೇಲೆಯೇ.

“ಆಯಿ, ಪತ್ತಾರರ ಕಡೆ ಬಂಗಾರ ತೂಗೂ ಕಾಟಾ ಇಸ್ಕೊಂಡು ಬರ್ತೇನಿ. ಇವನ್ನ ಯಾರೂ ತಿನ್ನದಂಗ ನೋಡ್ಕೊ.”

“ನಾ ಇರೂತನಾ ನೊಣಾನೂ ಕೂಡೂದಿಲ್ಲ. ಹೋಗ.”

ಕಾವಲು ಅಂದರೆ ಕಾವಲು. ಆಗ ಓಣಿಯ ಶಾಂತಕ್ಕ ಹೊಸ ಸೊಸೆಯನ್ನು ಕರೆದುಕೊಂಡು ಬಂದಳು. ಮೊದಲ ಸಲ ಮನೆಗೆ ಬಂದ ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸಲಾದೀತೇ? ಸೆರಗು ಒಡ್ಡಿಸಿ ಗೋದಿ ಹಾಕಿದೆ, ಕುಬಸದ ಖಣ ಇಟ್ಟೆ. ಇನ್ನು ಐದು ಹಣ್ಣು ಬೇಕು. ತಿರುಗಿ ನೋಡಿದರೆ ಕಟ್ಟೆಯ ಮೇಲೆ ಸರಿಯಾಗಿ ಐದು! ತಿನ್ನಬಾರದು ಅಂದಿದ್ದಳೇ ಹೊರತು ಉಡಿಗೆ ಹಾಕಬಾರದು ಅಂದಿರಲಿಲ್ಲ.

ಕಾಟಾ ಹಿಡಿದು ಬಂದ ಗೀತಾ ಖಾಲಿ ಕಟ್ಟೆ ನೋಡಿದಳು.

“ಹಣ್ಣು?”

“ಯಾರೂ ತಿಂದಿಲ್ಲವಾ. ಶಾಂತಕ್ಕನ ಸೊಸಿಗೆ ಉಡಿ ತುಂಬೇನಿ.”

ಹುಡುಗಿ ಅಲ್ಲೇ ಕೂತು ಅಳತೊಡಗಿದಳು. ಉಡಿಗೆ ಹಾಕಿದ್ದನ್ನು ವಾಪಸು ಕೇಳಿದವರು ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಗೀತಾಳನ್ನು ಎಬ್ಬಿಸಿಕೊಂಡು ಶಾಂತಕ್ಕನ ಮನೆಗೆ ಹೋಗಿ ಮೊದಲಿಗಳು ನಾನೇ ಆದೆ.

“ಯಕ್ಕಾ, ತಲಿ ನೆಟ್ಟಗ ಐತಿಲ್ಲೊ?” ಶಾಂತಕ್ಕ ಬಾಗಿಲಲ್ಲೇ ನಿಂತು ಕೇಳಿದಳು. “ತುಂಬಿದ ಉಡಿ ತಿರುಗಿ ಕೇಳಾಕತ್ತೀಯಲ್ಲ.”

ಸೊಸೆ ಬಾಯಿ ಒರೆಸುತ್ತ ಹೊರಗೆ ಬಂದಳು. “ಐದೂ ತಿಂದೇನ್ರಿ.”

ಐದನ್ನೂ! ಬೊಗಸೆಯಷ್ಟಿರುವ ಹುಡುಗಿ.

“ಒಂದರಂಗ ಒಂದಿಲ್ಲ ಬಿಡ್ರಿ,” ಎಂದಳು ಆಕೆ. “ಕೆಂಪು ತಿರುಳಿಂದು ಭಾಳ ಸಿಹಿ, ಆದ್ರ ಬೀಜ ಕಲ್ಲ ಇದ್ದಂಗ. ಉದ್ದಂದು ಬರೇ ಸಪ್ಪಗ.”

ಗೀತಾ ತಟ್ಟನೆ ಕಣ್ಣೊರೆಸಿಕೊಂಡಳು. “ಉಳಿದವು ಹೆಂಗಿದ್ವು, ಅಕ್ಕಾ?” ಎಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಳು.

“ನನ್ನೂ ಕೇಳವಾ, ಮೂಸಿ ನೋಡೇನಿ,” ಅಂದೆ. ಯಾರೂ ತಿರುಗಿ ನೋಡಲಿಲ್ಲ.

ಮರುದಿನ ಕಾಲೇಜಿನಲ್ಲಿ ಗೀತಾ ತೂಕ ಬಿಟ್ಟು ಉಳಿದದ್ದನ್ನೆಲ್ಲ ಒಪ್ಪಿಸಿ ಹೇಗೋ ಪಾಸಾದಳು. ಮೊನ್ನೆ ಮತ್ತೆ ಹಣ್ಣು ತಂದಿದ್ದಳು. ಬಸ್ಸಿಳಿದವಳೇ ನೆಟ್ಟಗೆ ಶಾಂತಕ್ಕನ ಮನೆಗೆ ಹೋದಳು. ನನಗೆ ಖಾಲಿ ಚೀಲ ತಂದುಕೊಟ್ಟಳು, ಒಗೆಯಲು.